ಒಂದೇ ಪ್ರತಿ ಸಾಕಿತ್ತು: ಮಲ್ಟಿಕಾಸ್ಟ್ ಸೋತ ಕಥೆ

ಇಂಟರ್ನೆಟ್ ಮೂಲಕ ಮನೆಗೆ ಟಿವಿ ತರಲು ಎರಡು ದಾರಿ: ಯೂನಿಕಾಸ್ಟ್ ಮತ್ತು ಮಲ್ಟಿಕಾಸ್ಟ್. ಎರಡನೆಯದು ಎಷ್ಟು ಜಾಣತನದ್ದು ಅಂದರೆ, ಅದು ಸೋತಿದ್ದೇಕೆ ಅಂತ ನನಗೆ ಮೊದಲಿನಿಂದಲೂ ಕುತೂಹಲ.

ಮದುವೆಗೆ ಶಿವಮೊಗ್ಗದ ಸಾವಿರ ಮನೆಗಳಿಗೆ ಬೆಂಗಳೂರಿನಿಂದ ಸಾವಿರ ಲಗ್ನಪತ್ರಿಕೆ ಅಂಚೆಗೆ ಹಾಕಿದರೆ ಅದು ಯೂನಿಕಾಸ್ಟ್. ಒಂದೇ ಪತ್ರಿಕೆ ಕಳಿಸಿ, ಶಿವಮೊಗ್ಗದ ಅಂಚೆ ಕಚೇರಿಯವರೇ ಬೇಕೆಂದವರಿಗೆ ಮಾತ್ರ ಜೆರಾಕ್ಸ್ ಮಾಡಿ ಹಂಚಿದರೆ ಮಲ್ಟಿಕಾಸ್ಟ್. ಇಲ್ಲಿ ಅಂಚೆ ಕಚೇರಿ ಅಂದರೆ ರೌಟರ್.

ಇದನ್ನು ರೂಪಿಸಿದವರಲ್ಲಿ ಮುಖ್ಯರು ಸ್ಟ್ಯಾನ್‌ಫರ್ಡಿನಲ್ಲಿ ಓದುತ್ತಿದ್ದ ಸ್ಟೀವ್ ಡೀರಿಂಗ್. 1989ರ ಆಗಸ್ಟಿನಲ್ಲಿ ಅವರ ಆರ್‌ಎಫ್‌ಸಿ 1112 ಬಂತು. 224ರಿಂದ 239ರವರೆಗಿನ ಅಂಕಿಯಲ್ಲಿ ಶುರುವಾಗುವ ಐಪಿ ವಿಳಾಸಗಳು ಗುಂಪುಗಳಿಗೆ ಮೀಸಲು. ಯಾರು ಕೇಳುತ್ತಿದ್ದಾರೆ ಅಂತ ಕಳಿಸುವವನಿಗೆ ತಿಳಿಯಬೇಕಿಲ್ಲ. ಕೇಳುವವನು ಹತ್ತಿರದ ರೌಟರಿಗೆ "ನಾನೂ ಸೇರಿದೆ" ಅಂದರೆ ಸಾಕು.

ಆದರೆ ಆಗಿನ ಬಹುಪಾಲು ರೌಟರುಗಳಿಗೆ ಈ ಭಾಷೆಯೇ ಬರುತ್ತಿರಲಿಲ್ಲ! ಹಾಗಾಗಿ ಮಲ್ಟಿಕಾಸ್ಟ್ ಪ್ಯಾಕೆಟ್ಟುಗಳನ್ನು ಯೂನಿಕಾಸ್ಟ್ ಪ್ಯಾಕೆಟ್ಟುಗಳೊಳಗೆ ಸುತ್ತಿ ಸಾಗಿಸುವ ಎಂಬೋನ್ ಎಂಬ ಜಾಲ ಹುಟ್ಟಿತು. 1992ರ ಮಾರ್ಚಿನಲ್ಲಿ ಸ್ಯಾನ್ ಡಿಯಾಗೋದ ಐಇಟಿಎಫ್ ಸಭೆಯ ಧ್ವನಿ ಮೂರು ಖಂಡಗಳ 20 ಕಡೆ ಕೇಳಿಸಿತು. 1993ರ ಜೂನಿನಲ್ಲಿ ಕಂಪ್ಯೂಟರ್ ತಂತ್ರಜ್ಞರದೇ ಬ್ಯಾಂಡ್ ಸಿವಿಯರ್ ಟೈರ್ ಡ್ಯಾಮೇಜ್ ಇದರಲ್ಲಿ ಹಾಡಿತು. 1994ರ ನವೆಂಬರಿನಲ್ಲಿ ರೋಲಿಂಗ್ ಸ್ಟೋನ್ಸ್ ಡಲ್ಲಾಸ್ ಕಛೇರಿಯ ಒಂದು ಭಾಗವನ್ನು ಎಂಬೋನಿನಲ್ಲಿ ಬಿತ್ತರಿಸಿದಾಗ, ಅದಕ್ಕೂ ಮುಂಚೆ ಇದೇ ಬ್ಯಾಂಡ್ ಅಲ್ಲಿ ಹಾಡು ಶುರುಮಾಡಿತ್ತು :) ಜಗತ್ಪ್ರಸಿದ್ಧರಿರಲಿ, ಹವ್ಯಾಸಿಗಳಿರಲಿ, ಕಳಿಸಬೇಕಾದದ್ದು ಒಂದೇ ಪ್ರತಿ.

ಮತ್ತೆ ಸೋತಿದ್ದೇಕೆ? ಪ್ರತಿ ಗುಂಪಿನ ಲೆಕ್ಕವನ್ನೂ ದಾರಿಯ ರೌಟರುಗಳು ನೆನಪಿಡಬೇಕು. ಒಳಬಂದ ಒಂದು ಪ್ಯಾಕೆಟ್ ಸಾವಿರವಾಗಿ ಹೊರಹೋದರೆ ದುಡ್ಡು ಯಾರು ಕೊಡಬೇಕು? ಐಎಸ್‌ಪಿಗಳ ನಡುವೆ ಇದು ಬಗೆಹರಿಯಲೇ ಇಲ್ಲ. ಯಾರು ಬೇಕಾದರೂ ಗುಂಪಿಗೆ ಕಸ ಸುರಿಯಬಹುದೆಂಬ ಭಯ ಬೇರೆ. ಜೊತೆಗೆ ನೋಡುಗರಿಗೆ ಬೇಕಾದಾಗ ನೋಡುವ, ನಿಲ್ಲಿಸುವ ಆಸೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ನೋಡಿದರೆ ಒಂದೇ ಪ್ರತಿ ಯಾರಿಗೂ ಸಾಲದು.

ಆದರೂ ಒಂದೇ ಕಂಪನಿಯ ಗೋಡೆಯೊಳಗೆ ಅದು ಬದುಕಿತು. ಅಮೆರಿಕದಲ್ಲಿ 2006ರಲ್ಲಿ ಬಂದ ಎಟಿ&ಟಿ ಯು-ವರ್ಸ್ ಟಿವಿಯ ಚಾನೆಲ್ಲುಗಳು ಮಲ್ಟಿಕಾಸ್ಟಿನಲ್ಲೇ ಬರುತ್ತಿದ್ದವು. ಚಾನೆಲ್ ಬದಲಿಸಿದರೆ ಮುಂದಿನ ಪೂರ್ಣ ಚಿತ್ರ ಬರುವ ತನಕ ಕಾಯಬೇಕಲ್ಲ? ಅಷ್ಟು ಹೊತ್ತಿಗೆ ಸರ್ವರ್ ಆ ಒಂದು ಮನೆಗೆ ವೇಗವಾಗಿ ಯೂನಿಕಾಸ್ಟ್ ಕಳಿಸುತ್ತಿತ್ತು. ಆಮೇಲೆ ಮಲ್ಟಿಕಾಸ್ಟ್. ಸಂಧಾನ ಅಂದರೆ ಇದು!

ಹೊರಗಿನ ಇಂಟರ್ನೆಟ್ಟನ್ನು ಯೂನಿಕಾಸ್ಟೇ ಆಳಿತು. 1998ರಲ್ಲಿ ಅಕಾಮೈ ಹುಟ್ಟಿತು, 2012ರಲ್ಲಿ ನೆಟ್‌ಫ್ಲಿಕ್ಸ್ ತನ್ನದೇ ಸರ್ವರುಗಳನ್ನು ಐಎಸ್‌ಪಿಗಳ ಮನೆಯೊಳಗೇ ಇಡತೊಡಗಿತು. 2023ರ ವಿಶ್ವಕಪ್ ಕ್ರಿಕೆಟ್ ಫೈನಲ್ಲನ್ನು ಹಾಟ್‌ಸ್ಟಾರಿನಲ್ಲಿ ಏಕಕಾಲಕ್ಕೆ 5.9 ಕೋಟಿ ಜನ ನೋಡಿದರು. ತಲೆಗೆ 4 ಮೆಗಾಬಿಟ್ ಹಿಡಿದರೂ ಸೆಕೆಂಡಿಗೆ 236 ಟೆರಾಬಿಟ್. ಎಲ್ಲರೂ ನೋಡುತ್ತಿದ್ದದ್ದು ಅದೇ ಚೆಂಡು, ಅದೇ ಬ್ಯಾಟು!

ನನಗೆ ಬೇಸರ ಬ್ಯಾಂಡ್‌ವಿಡ್ತ್ ಪೋಲಾಯಿತೆಂದಲ್ಲ, ಬ್ಯಾಂಡ್‌ವಿಡ್ತ್ ಅಗ್ಗವಾಗುತ್ತಲೇ ಬಂದಿದೆ. ಪ್ರತಿ ಮಾಡುವ ಕೆಲಸ ಎಲ್ಲರ ರೌಟರಿನಿಂದ ಕೆಲವರ ಸರ್ವರಿಗೆ ಹೋಯಿತು. ಇಂದು ಹವ್ಯಾಸಿ ಬ್ಯಾಂಡೊಂದು ಲಕ್ಷ ಜನರಿಗೆ ನೇರವಾಗಿ ಹಾಡಬೇಕಿದ್ದರೆ ಯೂಟ್ಯೂಬಿನಂಥ ದೊಡ್ಡವರ ಬಾಗಿಲು ತಟ್ಟಬೇಕು, ಅವರ ಕಟ್ಟಳೆಗೆ ತಲೆಯಾಡಿಸಬೇಕು. 1993ರಲ್ಲಿ ಆ ಹುಡುಗರು ಯಾರನ್ನೂ ಕೇಳಬೇಕಿರಲಿಲ್ಲ.