ಅಲ್-ಮುಘೀರಾನ ದಂತದ ಭರಣಿ: ಚಿತ್ರದ ಓದು, ಬರಹದ ಸಾಕ್ಷ್ಯ

ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಸುಮಾರು 15 ಸೆಂ.ಮೀ. ಎತ್ತರದ ಒಂದು ದಂತದ ಭರಣಿಯಿದೆ. ಗುಮ್ಮಟದಂಥ ಮುಚ್ಚಳದ ಅಂಚಿನಲ್ಲಿ ಕೂಫಿ ಲಿಪಿಯ ಅರಬ್ಬಿ ಬರಹವಿದ್ದು, ಖಲೀಫನ ಮಗ ಅಲ್-ಮುಘೀರಾನಿಗೆ ದೈವಾನುಗ್ರಹವನ್ನೂ ಸುಖಸಂತೋಷಗಳನ್ನೂ ಹಾರೈಸುತ್ತದೆ. ಕಾಲ ಹಿಜರಿ 357, ಅಂದರೆ ಕ್ರಿ.ಶ. 968. ಮುಘೀರಾ ಸ್ಪೇನಿನ ಉಮಯ್ಯದ್ ಖಲೀಫ ಮೂರನೆಯ ಅಬ್ದುರ್ ರಹಮಾನನ ಮಗ. ಆಗಿನ್ನೂ 18ರ ಆಸುಪಾಸಿನ ತರುಣ. ಪಟ್ಟದಲ್ಲಿದ್ದವನು ಅವನ ಮಲಅಣ್ಣ ಎರಡನೆಯ ಅಲ್-ಹಕಮ್.

ಭರಣಿಯ ಮೈಸುತ್ತ ಎಂಟೆಸಳಿನ ನಾಲ್ಕು ಚೌಕಟ್ಟುಗಳು. ಒಂದರಲ್ಲಿ ಸಿಂಹಗಳು ಹೊತ್ತ ಪೀಠದ ಮೇಲೆ ಇಬ್ಬರು ತರುಣರು, ನಡುವೆ ತಂತಿವಾದ್ಯ ನುಡಿಸುವವನು. ಇನ್ನೊಂದರಲ್ಲಿ ಸಿಂಹಗಳು ಗೂಳಿಗಳನ್ನು ಕಚ್ಚಿ ಹಿಡಿದಿವೆ. ಮಿಕ್ಕೆರಡರಲ್ಲಿ ಕುದುರೆಯ ಮೇಲಿಂದ ಖರ್ಜೂರ ಕೀಳುವವರು, ಹದ್ದಿನ ಗೂಡಿಗೆ ಕೈಯಿಕ್ಕಿ ಮೊಟ್ಟೆ ಕದಿಯುವ ಹುಡುಗರು. ಇವುಗಳ ನಡುವೆ ಬಳ್ಳಿ, ಹಕ್ಕಿ, ಮೃಗಗಳು ಒತ್ತೊತ್ತಾಗಿ ತುಂಬಿಕೊಂಡಿವೆ. ಬರಿದಾದ ಜಾಗವೆಂಬುದೇ ಇಲ್ಲ.

976ರಲ್ಲಿ ಅಲ್-ಹಕಮ್ ತೀರಿಕೊಂಡ. ಅವನ ಎಳೆಯ ಮಗ ಹಿಶಾಮನನ್ನು ಪಟ್ಟಕ್ಕೇರಿಸಬೇಕೆಂದಿದ್ದವರು ಮುಘೀರಾನನ್ನು ಒಡನೆಯೇ ಕೊಲ್ಲಿಸಿದರು. ಈ ಕೊಲೆ ಭರಣಿಯ ವ್ಯಾಖ್ಯಾನಗಳ ಮೇಲೆ ನೆರಳು ಚಾಚಿದೆ. ಕಲಾ ಇತಿಹಾಸಕಾರ ಫ್ರಾನ್ಸಿಸ್ಕೊ ಪ್ರಾಡೊ-ವಿಲಾರ್ ಅವರ ಓದಿನಲ್ಲಿ ಇದು ಸಿಂಹಾಸನಕ್ಕೆ ಕಣ್ಣು ಹಾಕದಿರೆಂಬ ಎಚ್ಚರಿಕೆ. ಆಕರ್ಷಕವಾದ ಓದೇ. ಆದರೆ 968ರ ವಸ್ತುವನ್ನು ಅದು 976ರ ಬೆಳಕಿನಲ್ಲಿ ನೋಡುತ್ತದೆಂಬುದು ನನ್ನ ಆಕ್ಷೇಪ.

964ರಲ್ಲಿ ಸಿದ್ಧವಾದ, ಝಮೋರಾ ಪ್ರಧಾನ ಚರ್ಚಿನಲ್ಲಿದ್ದು ಈಗ ಮ್ಯಾಡ್ರಿಡ್ಡಿನಲ್ಲಿರುವ ಭರಣಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದರ ಬರಹವು ಭರಣಿಯನ್ನು ಮಾಡಿಸಿದ ಖಲೀಫ ಅಲ್-ಹಕಮನನ್ನೂ, ಅದನ್ನು ಪಡೆದ, ಅವನ ಮಗ ರಾಜಕುಮಾರ ಅಬ್ದುರ್ ರಹಮಾನನ ತಾಯಿಯನ್ನೂ, ಮೇಲ್ವಿಚಾರಕ ದುರ್ರಿ ಅಲ್-ಸಘೀರನನ್ನೂ ಹೆಸರಿಸುತ್ತದೆ. ಮುಘೀರಾನ ಭರಣಿಯಲ್ಲಿ ಪಡೆದವನ ಹೆಸರಷ್ಟೇ ಉಂಟು. ಮಾಡಿಸಿದವರು ಯಾರೆಂದು ಬರಹವೇ ಹೇಳದಿರುವಾಗ, ಅಣ್ಣ ಕೊಟ್ಟ ಎಚ್ಚರಿಕೆ ಎನ್ನುವುದೂ ಮುಘೀರಾನ ಬೆಂಬಲಿಗರು ಕೊಟ್ಟ ಉತ್ತೇಜನ ಎನ್ನುವುದೂ ಊಹೆಯ ಮಟ್ಟದಲ್ಲೇ ನಿಲ್ಲುತ್ತವೆ.

ಚಿತ್ರಗಳೂ ಒಬ್ಬನಿಗೆಂದೇ ಹುಟ್ಟಿದವಲ್ಲ. ರಾಜಧಾನಿಯ ರಕ್ಷಣಾಧಿಕಾರಿ ಝಿಯಾದ್ ಇಬ್ನ್ ಅಫ್ಲಹನಿಗಾಗಿ 969–70ರಲ್ಲಿ ಮಾಡಿದ, ಲಂಡನ್ನಿನಲ್ಲಿರುವ ಭರಣಿಯಲ್ಲೂ ಪೀಠಸ್ಥ ಪುರುಷನಿದ್ದಾನೆ. ಜತೆಗೆ ಆನೆಯ ಮೇಲೆ ಅಂಬಾರಿಯ ಸವಾರಿಯೂ ಇದೆ. ಪ್ರಬಲ ಮಂತ್ರಿ ಅಲ್-ಮನ್ಸೂರನ ಮಗ ಅಬ್ದುಲ್ ಮಲಿಕನನ್ನು ಕೊಂಡಾಡುವ ಪಾಂಪ್ಲೋನಾ ಪೆಟ್ಟಿಗೆಯಲ್ಲೂ (1004–05) ಸಿಂಹಗಳು ಬೇರೆ ಪ್ರಾಣಿಗಳ ಮೇಲೆರಗುತ್ತವೆ. ಅಲ್ಲಿ ಹೊಗಳಿಕೆಯಾದ ಸಿಂಹ ಇಲ್ಲಿ ಬೆದರಿಕೆಯಾಗುವುದಾದರೆ ಅದಕ್ಕೆ ಬೇರೆ ಆಧಾರ ಬೇಕು. ಹದ್ದಿನ ಗೂಡಿನ ದೃಶ್ಯವನ್ನು ಮಾತ್ರ ಈ ವಾದದಿಂದ ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಕಳವಿನ ಸೂಚನೆ ಅಲ್ಲಿ ಕಣ್ಣಿಗೆ ಹೊಡೆಯುವಂತಿದೆ.

ಚಿತ್ರಾರ್ಥದ ಚರ್ಚೆಯಲ್ಲಿ ದಂತವೇ ಮರೆತುಹೋಗುತ್ತದೆ. ದಂತದ ಬುಡದ ಟೊಳ್ಳು ಭಾಗವನ್ನು ಅಡ್ಡಕೊಯ್ದರೆ ಭರಣಿಯ ಉರುಳೆ ತಾನಾಗಿ ಸಿಗುತ್ತದೆ. ಅದರ ಅಗಲವನ್ನು ಆನೆಯೇ ಗೊತ್ತುಪಡಿಸಿರುತ್ತದೆ. ಪೂರ್ವ ಆಫ್ರಿಕಾದ ದಂತವೆಲ್ಲ ಒಮಾನಿನ ಮೂಲಕ ಭಾರತಕ್ಕೂ ಚೀನಾಕ್ಕೂ ಸಾಗುತ್ತದೆ, ಹಾಗಾಗದಿದ್ದರೆ ಮುಸ್ಲಿಂ ನಾಡುಗಳಲ್ಲಿ ಅದಕ್ಕೆ ಕೊರತೆಯೇ ಇರುತ್ತಿರಲಿಲ್ಲ ಎಂದು 10ನೆಯ ಶತಮಾನದ ಇತಿಹಾಸಕಾರ ಅಲ್-ಮಸೂದಿ ಬರೆದಿದ್ದಾನೆ. ಇಷ್ಟು ದುರ್ಲಭವಾದ ಸರಕು ಯಾರ ಕೈಗೆ ಸೇರಿತೆಂಬುದೇ ಆಸ್ಥಾನದಲ್ಲಿ ಅವರ ಸ್ಥಾನವನ್ನು ಸಾರುತ್ತಿತ್ತು. ಟೊಲೆಡೊದ ಅರಸುಮನೆಗಾಗಿ ಕುಯೆಂಕಾದಲ್ಲಿ 1049–50ರಲ್ಲಿ ಮಾಡಿದ ಪೆಟ್ಟಿಗೆಯಲ್ಲಿ ಮರದ ಮೇಲೆ ತೆಳುವಾದ ದಂತದ ಹಲಗೆಗಳನ್ನು ಹೊದಿಸಿದ್ದಾರೆ. ಖಿಲಾಫತ್ತು ಒಡೆದ ಮೇಲೆ ದಂತದ ಪೂರೈಕೆ ಬಡವಾಗಿತ್ತೆಂಬುದಕ್ಕೆ ಇದನ್ನು ಕುರುಹೆಂದು ನಾನು ಎಣಿಸುತ್ತೇನೆ.

ಇಂಥ ವಸ್ತುಗಳನ್ನು ಮಾಡಿದ ಕೈಗಳ ಕುರುಹೂ ಉಂಟು. ಪಾಂಪ್ಲೋನಾ ಪೆಟ್ಟಿಗೆಯ ಮೇಲ್ವಿಚಾರಕ ಝುಹೈರ್ ಇಬ್ನ್ ಮುಹಮ್ಮದ್. ಫರಜ್, ಮಿಸ್ಬಾಹ್, ಖೈರ್ ಮೊದಲಾದ ಕೆತ್ತನೆಗಾರರು ಹಲಗೆಗಳಲ್ಲಿ ಅಲ್ಲಲ್ಲಿ ತಮ್ಮ ಹೆಸರನ್ನು ಸಣ್ಣದಾಗಿ ಕೊರೆದಿದ್ದಾರೆ. ಮುಚ್ಚಳದ ಒಳಮೈಯಲ್ಲಿ ಫರಜನ ಹೆಸರಿನೊಂದಿಗೆ ಅವನ ಶಿಷ್ಯರ ಉಲ್ಲೇಖವೂ ಇದೆ. ಹಲವು ಕೈಗಳು ಹಂಚಿಕೊಂಡು ದುಡಿದ ಇಂಥ ಆಸ್ಥಾನದ ಕಾರ್ಯಾಗಾರದ ಪದ್ಧತಿಯೊಳಗಿಟ್ಟೇ ಮುಘೀರಾನ ಭರಣಿಯ ಸಿಂಹ–ಗೂಳಿಗಳನ್ನು ಮೊದಲು ಓದಬೇಕು. ಎಂಟು ವರ್ಷಗಳ ನಂತರದ ಕೊಲೆಯ ಮಾತು ಆಮೇಲಿನದು.