ಜೀವದಯೆಯ ಖಾತೆಯಲ್ಲಿ ಮಗುವಿನ ಪುಟ

ಕಳೆದ ದೀಪಾವಳಿಗೆ ಮುನ್ನ ನಮ್ಮ ಅಂಗಡಿಯ ಹಳೆಯ ಲೆಕ್ಕದ ಪುಸ್ತಕಗಳಿಗೆ ಗೆದ್ದಲು ಹತ್ತಿದ್ದನ್ನು ಕಂಡು, ಅವುಗಳನ್ನು ಬಿಸಿಲಿಗೆ ಹರಡಿ ವಿಂಗಡಿಸುತ್ತ ಕುಳಿತಿದ್ದೆ. 1967ನೆಯ ಇಸವಿಯ ಖಾತೆವಹಿಯಲ್ಲಿ ಎರಡು ಪುಟಗಳನ್ನು ಓದಿದ ಮೇಲೆ ಮುಂದಕ್ಕೆ ಹೋಗಲಾಗಲಿಲ್ಲ. ಒಂದು ಜೀವದಯಾ ಖಾತೆ: ವ್ಯಾಪಾರದಲ್ಲಿ ನೂರಕ್ಕೆ ಇಂತಿಷ್ಟೆಂದು ತೆಗೆದಿಟ್ಟು ಮುದಿ ದನಗಳ ಮೇವಿಗೂ ಪಾರಿವಾಳಗಳ ಕಾಳಿಗೂ ಸಂದಾಯ ಮಾಡಿದ ಹಣ. ಇನ್ನೊಂದು ಒಬ್ಬ ನೇಕಾರರ ಖಾತೆ: ಮಗಳ ಮದುವೆಗೆ ಪಡೆದ ಮುಂಗಡ, ಅದರ ಕೆಳಗೆ ತಿಂಗಳು ತಿಂಗಳಿಗೂ ನಮ್ಮ ತಂದೆಯವರ ದುಂಡು ಅಕ್ಷರದಲ್ಲಿ ‘ಹುಡುಗನ ಕೂಲಿಯಲ್ಲಿ ವಜಾ’ ಎಂಬ ನಮೂದು.

ಆ ಹುಡುಗನನ್ನು ನಾನು ಬಲ್ಲೆ. ನನಗೂ ಅವನಿಗೂ ಆಗ ಎಂಟೊಂಬತ್ತು ವರ್ಷ. ನಾನು ಪಾಟಿಚೀಲ ಹಿಡಿದು ಶಾಲೆಗೆ ಹೊರಡುವಾಗ ಅವನು ನಮ್ಮ ನೂಲಿನ ಕೋಣೆಯಲ್ಲಿ ರಾಟಿಯ ಮುಂದೆ ಕಂಡಿಕೆ ಸುತ್ತುತ್ತಿದ್ದನು. ಮರಳಿ ಬಂದಾಗಲೂ ಅಲ್ಲಿಯೇ ಇರುತ್ತಿದ್ದನು. ಒಂದು ದಿನ ಅವನ ಕಿವಿ ಊದಿಕೊಂಡಿತ್ತು. ಯಾರು ಹೊಡೆದರೆಂದು ಅವನು ಹೇಳಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಕೇಳಲೂ ಇಲ್ಲ. ಕೆಲವು ತಿಂಗಳ ತರುವಾಯ ಅವನು ಬರುವುದು ನಿಂತಿತು. ಖಾತೆಯಲ್ಲಿ ಉಳಿದ ಬಾಕಿಗೆ ಗೆರೆ ಎಳೆಯಲಾಗಿದೆ. ಹುಡುಗ ಏನಾದನೆಂಬುದಕ್ಕೆ ಮಾತ್ರ ಯಾವ ನಮೂದೂ ಇಲ್ಲ.

ನಮ್ಮ ತಂದೆಯವರು ನಿರ್ದಯರಾಗಿರಲಿಲ್ಲ. ಸೂರ್ಯಾಸ್ತದ ತರುವಾಯ ಉಣ್ಣದವರು, ಸೋಸದ ನೀರು ಕುಡಿಯದವರು. ಆ ನಮೂದು ಅಂದಿನ ಕಾಲಕ್ಕೆ ಯಾರಿಗೂ ತಪ್ಪೆಂದು ತೋರುತ್ತಿರಲಿಲ್ಲ. ಒಂದೇ ಪುಸ್ತಕದಲ್ಲಿ ಈ ಎರಡು ಪುಟಗಳು ಒಂದಕ್ಕೊಂದು ತಗಾದೆ ಮಾಡದೆ ಹೇಗೆ ಇರಲು ಸಾಧ್ಯವಾಯಿತು ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಉತ್ತರಕ್ಕಾಗಿ ನಮ್ಮ ಸೀಮೆಯ ನೂರೈವತ್ತು ವರ್ಷಗಳ ಇತಿಹಾಸವನ್ನು ನೋಡಬೇಕಾಗುತ್ತದೆ.

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಎಣಿಸಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಕ್ಕೆ ಘಾಸಿ ಮಾಡುವುದು, ಶಕ್ತಿ ಮೀರಿ ಹೊರಿಸುವುದು, ಅನ್ನನೀರು ತಡೆಯುವುದು ಎಂದು ಇವುಗಳ ಅರ್ಥ. ಪ್ರವಚನಗಳಲ್ಲಿ ಇವನ್ನು ವಿವರಿಸುವಾಗ ಎತ್ತು ಕುದುರೆಗಳ ದೃಷ್ಟಾಂತಗಳನ್ನೇ ನಾವು ಕೇಳುತ್ತ ಬಂದಿದ್ದೇವೆ. ಆದರೆ ಇಂದಿನ ಕಾನೂನು ಮಕ್ಕಳ ಮೇಲಿನ ದೌರ್ಜನ್ಯ, ನಿರ್ಲಕ್ಷ್ಯ ಎಂದು ಕರೆಯುವುದರ ಬಹುಭಾಗ ಈ ಐದರಲ್ಲಿಯೇ ಅಡಕವಾಗಿದೆ. ಸಿದ್ಧಾಂತದಲ್ಲಿ ಕೊರತೆ ಇರಲಿಲ್ಲ, ಅನ್ವಯದಲ್ಲಿ ಇತ್ತು.

ಪಶುಗಳ ವಿಷಯದಲ್ಲಿ ವರ್ತಕ ಸಮಾಜವು ದಯೆಗೆ ಒಂದು ಸಂಸ್ಥೆಯ ರೂಪವನ್ನೇ ಕೊಟ್ಟಿತು. ಮುಂಬಯಿಯ ಪಾಂಜರಪೋಳವನ್ನು 1834ರಲ್ಲಿ ಪಾರಸಿ ಗೃಹಸ್ಥರಾದ ಜಮಶೇಟಜಿ ಜೀಜೀಭಾಯಿ ಅವರೂ ಅಮೀಚಂದ ಶಾಹ ಅವರೂ ಸೇರಿ ಸ್ಥಾಪಿಸಿದರು. ಕಟ್ಟಡ, ಮೇವು, ಆಳು, ಕಾಯಂ ಆದಾಯ, ಲೆಕ್ಕ ಎಲ್ಲವೂ ಅಲ್ಲಿ ಏರ್ಪಟ್ಟವು. ಅದೇ ಮುಂಬಯಿ ಪ್ರಾಂತದಲ್ಲಿ ಮಕ್ಕಳ ಕಾಯ್ದೆಯೊಂದು ಬಂದದ್ದು 1924ರಲ್ಲಿ, ಅಂದರೆ 90 ವರ್ಷಗಳ ಅನಂತರ.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ನ್ಯೂಯಾರ್ಕ್ ನಗರದಲ್ಲಿ 1874ರಲ್ಲಿ ಮೇರಿ ಎಲೆನ್ ಎಂಬ ಹತ್ತು ವರ್ಷದ ಬಾಲಕಿಯನ್ನು ಸಾಕುತಾಯಿ ಹೊಡೆದು ಕೂಡಿಹಾಕುತ್ತಿದ್ದುದು ಎಟ್ಟಾ ವೀಲರ್ ಎಂಬ ಸೇವಾಕರ್ತೆಯ ಗಮನಕ್ಕೆ ಬಂದಿತು. ಅವರು ಹಲವು ಕಡೆ ಸಹಾಯ ಕೇಳಿದರೂ ಮುಂದೆ ಬಂದವರಿಲ್ಲ. ಕೊನೆಗೆ ಪ್ರಾಣಿದಯಾ ಸಂಘವನ್ನು ಸ್ಥಾಪಿಸಿದ್ದ ಹೆನ್ರಿ ಬರ್ಗ್ ಅವರ ಬಳಿಗೆ ಹೋದರು. ಅವರ ಪ್ರಯತ್ನದಿಂದ ಮಗು ನ್ಯಾಯಾಲಯದ ರಕ್ಷಣೆಗೆ ಬಂದಿತು. ಅದೇ ವರ್ಷದ ಕೊನೆಗೆ ಅಲ್ಲಿ ಮಕ್ಕಳ ಮೇಲಿನ ಕ್ರೌರ್ಯವನ್ನು ತಡೆಯುವ ಸಂಘವು ಹುಟ್ಟಿತು. ನೆರೆಯವರು ಆ ಮಗುವಿನ ಅಳುವನ್ನು ಕೇಳಿದ್ದರು. ಇಲ್ಲದಿದ್ದುದು ಆ ಅಳುವನ್ನು ಅಧಿಕಾರಿಯ ಮೇಜಿನವರೆಗೆ ಒಯ್ಯುವ ಕೈ. ಪ್ರಾಣಿದಯೆಯಿಂದ ಮಗುವಿನ ದಯೆಗೆ ಒಂದೇ ಹೆಜ್ಜೆ ಎಂಬುದನ್ನು ಆ ಪ್ರಕರಣವು ತೋರಿಸಿತು.

ಅದೇ ದಶಕದಲ್ಲಿ ನಮ್ಮ ಸೀಮೆಯ ಮೇಲೆ ಧಾತು, ಈಶ್ವರ ಸಂವತ್ಸರಗಳ ಮಹಾಬರ ಎರಗಿತು. ಅಂದು ಕಲಾದಗಿ ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಈ ಪ್ರದೇಶದಲ್ಲಿ 1872ರ ಜನಗಣತಿಯಲ್ಲಿ 8 ಲಕ್ಷಕ್ಕೂ ಮೇಲಿದ್ದ ಜನಸಂಖ್ಯೆ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. 1876ರಿಂದ 78ರವರೆಗಿನ ಆ ಬರದಲ್ಲಿ ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಹಿಂದೆ ಉಳಿದವರಲ್ಲಿ ಹೆತ್ತವರಿಲ್ಲದ ಮಕ್ಕಳು ಅನೇಕರು. 1851ರಿಂದ ಗುಳೇದಗುಡ್ಡದಲ್ಲಿ ನೆಲೆಸಿದ್ದ ಬಾಸೆಲ್ ಮಿಶನ್ನಿನಂತಹ ಕ್ರೈಸ್ತ ಸಂಸ್ಥೆಗಳು ಅನಾಥ ಮಕ್ಕಳನ್ನು ಸೇರಿಸಿಕೊಂಡು ಸಾಕಿದವು. ಪಂಢರಪುರದಲ್ಲಿ ಪ್ರಾರ್ಥನಾ ಸಮಾಜದವರು 1875ರಲ್ಲಿಯೇ ತೊರೆಯಲ್ಪಟ್ಟ ಶಿಶುಗಳಿಗಾಗಿ ಆಶ್ರಮವನ್ನು ತೆರೆದಿದ್ದರು. ಆ ಮಕ್ಕಳು ಬೇರೆ ಮತಕ್ಕೆ ಹೋದರೆಂದು ಆಮೇಲೆ ದೂರಿದವರು ಬಹಳ. ಹಸಿದ ಮಗು ತೆರೆದ ಬಾಗಿಲಿಗೆ ಹೋಗುತ್ತದೆ. ಮುಚ್ಚಿದ ಬಾಗಿಲಿನವರು ದೂರುವುದರಲ್ಲಿ ನ್ಯಾಯವೇನಿದೆ?

ಸರ್ಕಾರದ ಕಾಯ್ದೆಗಳಾದರೂ ಮೊದಲು ಮಗುವನ್ನು ಕೂಲಿಯಾಗಿಯೋ ಅಪರಾಧಿಯಾಗಿಯೋ ಕಂಡವು. 1850ರ ಅಪ್ರೆಂಟಿಸ್ ಕಾಯ್ದೆ ಅನಾಥ, ಬಡ ಮಕ್ಕಳನ್ನು ಕಸುಬಿಗೆ ಒಪ್ಪಿಸುವ ವಿಧಾನವನ್ನು ಹೇಳಿತು. 1857ರಲ್ಲಿ ಮುಂಬಯಿಯಲ್ಲಿ ಡೇವಿಡ್ ಸಸೂನ್ ಅವರ ಹೆಸರಿನ ಸುಧಾರಣಾ ಶಾಲೆ ಆರಂಭವಾಯಿತು. ಹಿಂಸೆಗೂ ನಿರ್ಲಕ್ಷ್ಯಕ್ಕೂ ಗುರಿಯಾದ ಮಗುವನ್ನು ರಕ್ಷಿಸುವ ಆಶಯ ಬಂದದ್ದು 1924ರ ಕಾಯ್ದೆಯಲ್ಲಿ. ಅದು ಕೂಡ 1927ರಲ್ಲಿ ಮೊದಲು ಮುಂಬಯಿ ನಗರದಲ್ಲಿ ನಡೆಯತೊಡಗಿತು. ಚಿಲ್ಡ್ರನ್ಸ್ ಏಡ್ ಸೊಸೈಟಿ ಅಲ್ಲಿಯೇ ಅದೇ ವರ್ಷ ಸ್ಥಾಪಿತವಾಯಿತು. ರಕ್ಷಣಾಗೃಹ, ನ್ಯಾಯಾಲಯ, ಅಧಿಕಾರಿಗಳೆಲ್ಲ ಮಹಾನಗರದಲ್ಲಿ. ವಿಜಾಪುರ ಜಿಲ್ಲೆಯ ಹಳ್ಳಿಯ ಮಗು ಮಹಾನಗರಕ್ಕೆ ಬಹುದೂರ.

ನಮ್ಮ ಖಾತೆವಹಿಯ ನಮೂದಿಗೆ ನೇರವಾಗಿ ಸಂಬಂಧಿಸಿದ ಕಾಯ್ದೆ 1933ರದು. ಕಾರ್ಮಿಕರ ಸ್ಥಿತಿಯನ್ನು ಪರಿಶೀಲಿಸಿದ ರಾಯಲ್ ಕಮಿಷನ್ 1931ರ ತನ್ನ ವರದಿಯಲ್ಲಿ, ಸಾಲಕ್ಕಾಗಿ ಮಕ್ಕಳ ದುಡಿಮೆಯನ್ನು ಒತ್ತೆಯಿಡುವ ಪದ್ಧತಿಯನ್ನು ಬಯಲಿಗೆ ತಂದಿತ್ತು. ಅದರ ಫಲವಾಗಿ ಹದಿನೈದು ವರ್ಷದೊಳಗಿನ ಮಗುವಿನ ದುಡಿಮೆಯನ್ನು ಒತ್ತೆಯಿಡುವ ಒಪ್ಪಂದವನ್ನು ರದ್ದೆಂದು ಸಾರಲಾಯಿತು. ಒತ್ತೆಯಿಟ್ಟ ತಂದೆತಾಯಿಗೆ 50 ರೂಪಾಯಿಯವರೆಗೆ, ಒತ್ತೆ ಹಿಡಿದವನಿಗೆ 200 ರೂಪಾಯಿಯವರೆಗೆ ದಂಡ. ಅಂದರೆ 1967ರಲ್ಲಿ ನಮ್ಮ ತಂದೆಯವರು ಬರೆದ ನಮೂದು 34 ವರ್ಷಗಳಿಂದ ಅಪರಾಧವಾಗಿತ್ತು. ಅದನ್ನು ತಂದೆಯವರು ಬಲ್ಲವರಲ್ಲ, ನೇಕಾರರೂ ಬಲ್ಲವರಲ್ಲ. ವಾಣಿಜ್ಯ ಪದವಿಯ ತರಗತಿಯಲ್ಲಿ ಒಪ್ಪಂದದ ಕಾಯ್ದೆಯನ್ನು ಓದಿದ ನಾನೂ ಅದನ್ನು ಬಹಳ ತಡವಾಗಿ ತಿಳಿದೆ.

ಇನ್ನೊಂದು ದೃಷ್ಟಾಂತ ಇದಕ್ಕಿಂತ ಕಠಿಣವಾದುದು. ಎಳೆಯ ಬಾಲಕಿಯರನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯನ್ನು ಮುಂಬಯಿ ಪ್ರಾಂತದ ದೇವದಾಸಿ ರಕ್ಷಣಾ ಕಾಯ್ದೆಯು 1934ರಲ್ಲಿಯೇ ನಿಷೇಧಿಸಿತು. ಕರ್ನಾಟಕವು 1982ರಲ್ಲಿ ಮತ್ತೊಂದು ಕಾಯ್ದೆಯನ್ನು ಮಾಡಬೇಕಾಯಿತು. 1993-94ರ ಸರ್ಕಾರಿ ಸಮೀಕ್ಷೆಯು ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಿತು. ಅಂದಿನ ವಿಜಾಪುರ ಜಿಲ್ಲೆಯೂ ಅದರಲ್ಲಿ ಸೇರಿತ್ತು. ಇವರಲ್ಲಿ ಅನೇಕರು ಮುತ್ತು ಕಟ್ಟಿಸಿಕೊಂಡಾಗ ಮಕ್ಕಳು. ಮುತ್ತು ಕಟ್ಟುವುದು ಗುಟ್ಟಿನಲ್ಲಿ ನಡೆದರೂ ಊರಿಗೆ ತಿಳಿಯದೆ ಉಳಿಯುವುದಿಲ್ಲ. ತಿಳಿದವರು ತಮಗೆ ಸಂಬಂಧವಿಲ್ಲವೆಂದು ಸುಮ್ಮನಿದ್ದುದೇ ಅರ್ಧಶತಮಾನದ ಕಾಯ್ದೆಯನ್ನು ಕಾಗದವಾಗಿಸಿತು.

ಹಾಗಾದರೆ ನಮ್ಮ ಸಮಾಜವು ಮಕ್ಕಳಿಗಾಗಿ ಏನನ್ನೂ ಮಾಡಲಿಲ್ಲವೇ? ಮಾಡಿದೆ, ಅದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. 1899ರಲ್ಲಿ ಸ್ಥಾಪಿತವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಪ್ರೇರಣೆಯಿಂದ ಈ ಭಾಗದಲ್ಲಿ ಜೈನ ಬೋರ್ಡಿಂಗುಗಳು ಬೆಳೆದವು. ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಸಾತಾರೆಯಲ್ಲಿ ಎಲ್ಲ ಜಾತಿಯ ಬಡಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿ ಉಣಿಸಿದರು. ಆದರೆ ಬೋರ್ಡಿಂಗಿನ ಬಾಗಿಲು ಓದಲು ಬಂದವನಿಗೆ ತೆರೆದಿತ್ತು. ಓದಲು ಬರಲಾಗದವನನ್ನು, ಮನೆಯೊಳಗೇ ಹೊಡೆತ ತಿನ್ನುವವನನ್ನು, ಹೇಳಬಾರದ್ದನ್ನು ಅನುಭವಿಸಿ ಬಾಯಿ ಕಟ್ಟಿಹೋದ ಹೆಣ್ಣುಮಗುವನ್ನು ಹುಡುಕಿಕೊಂಡು ಹೋಗುವ ಏರ್ಪಾಡು ನಮ್ಮಲ್ಲಿ ಹುಟ್ಟಲಿಲ್ಲ. ವಿದ್ಯಾದಾನ, ಆಹಾರದಾನ, ಔಷಧದಾನಗಳಿಗೆ ನಿಧಿಗಳಾದವು. ನಾಲ್ಕನೆಯದಾದ ಅಭಯದಾನವನ್ನು ನಾವು ಪಶುಪಕ್ಷಿಗಳಿಗೆ ಮೀಸಲಿಟ್ಟೆವು.

1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು; 1964ರಲ್ಲಿ ಆ ರಾಜ್ಯದ ಮಕ್ಕಳ ಕಾಯ್ದೆ ಬಂದಿತು. ಬಾಲನ್ಯಾಯದ ಕೇಂದ್ರ ಕಾಯ್ದೆಗಳು 1986, 2000 ಮತ್ತು 2015ರಲ್ಲಿ ಆದವು. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೋ ಕಾಯ್ದೆ 2012ರದು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳು ಜಿಲ್ಲೆಯ ಮಟ್ಟದಲ್ಲಿವೆ. ರಕ್ಷಣೆ ಬೇಕಾದ ಮಗುವನ್ನು 24 ಗಂಟೆಗಳೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕೆಂಬುದು ನಿಯಮ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ 1098 ಸಹಾಯವಾಣಿಗೆ ಇಂದು ಯಾವ ಊರಿನಿಂದಲೂ ಹಣವಿಲ್ಲದೆ ಕರೆ ಮಾಡಬಹುದು.

ಇಷ್ಟೆಲ್ಲ ಇದ್ದೂ ಕೊರತೆ ಎಲ್ಲಿದೆ? ಇಳಕಲ್ಲ ಸೀರೆಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಆ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸದಿದ್ದರೆ ಸೀರೆ ಆಗುವುದಿಲ್ಲ. ಕಾನೂನಿನ ಹಾಸು ಬಾಗಲಕೋಟೆಯಲ್ಲಿದೆ, ಮಗು ಗುಡೂರಿನ ಓಣಿಯಲ್ಲಿದೆ. ನಡುವಿನ ಕೊಂಡಿ ಬಿದ್ದಿಲ್ಲ.

ಬಾದಾಮಿ, ಹುನಗುಂದ, ಇಳಕಲ್ಲಗಳ ನಡುವಿನ ನಮ್ಮ ಊರುಗಳಲ್ಲಿ ಆ ಕೊಂಡಿ ತಪ್ಪುವ ಸ್ಥಳಗಳು ಮೂರು. ಮೊದಲನೆಯದು ಮನೆಯ ಮಗ್ಗ. 1986ರ ಬಾಲಕಾರ್ಮಿಕ ಕಾಯ್ದೆಯು ಮನೆಯವರ ಕಸುಬಿಗೆ ವಿನಾಯಿತಿ ಕೊಟ್ಟಿತು. 2016ರ ತಿದ್ದುಪಡಿಯು ಶಾಲೆಯ ಸಮಯದ ಹೊರಗೆ, ಅಪಾಯವಿಲ್ಲದ ಮನೆಕೆಲಸಕ್ಕೆ ನೆರವಾಗಬಹುದೆಂದು ಹೇಳಿತು. ಕಸುಬು ಕಲಿಸುವುದು ಎಲ್ಲಿ ಮುಗಿಯಿತು, ಅತಿಭಾರ ಎಲ್ಲಿ ಆರಂಭವಾಯಿತು ಎಂಬುದನ್ನು ಅಳೆಯಲು ಮನೆಯೊಳಗೆ ಯಾವ ಇನ್ಸ್ಪೆಕ್ಟರನೂ ಬರುವುದಿಲ್ಲ. ಎರಡನೆಯದು ಗುಳೆ. ತಂದೆತಾಯಿ ದುಡಿಮೆಗಾಗಿ ಗೋವೆಗೋ ಮಂಗಳೂರಿಗೋ ಹೋದಾಗ ಮಗು ಮುದುಕರ ಬಳಿ ಉಳಿಯುತ್ತದೆ; ಅಂತಹ ಮಗುವಿನ ಹಸಿವು, ಜ್ವರ, ಭಯಗಳನ್ನು ದಿನನಿತ್ಯ ವಿಚಾರಿಸುವವರು ಯಾರು? ಮೂರನೆಯದು ಮಾನದ ಭಯ. ಮಗುವಿನ ಮೇಲೆ ಕೈ ಹಾಕಿದವನು ನಂಟನೋ ನೆರೆಯವನೋ ಆಗಿದ್ದರೆ, ಹಿರಿಯರು ಕುಳಿತು ಮಾತು ಮುಗಿಸುತ್ತಾರೆ. ದೊಡ್ಡವರ ಮಾನ ಉಳಿಯುತ್ತದೆ. ಮಗು ಅದೇ ಓಣಿಯಲ್ಲಿ ಅದೇ ಮುಖವನ್ನು ನೋಡುತ್ತ ಬೆಳೆಯಬೇಕಾಗುತ್ತದೆ.

ಈ ಮೂರನೆಯ ವಿಷಯದಲ್ಲಿ ಟ್ರಸ್ಟಿನ ಮಾನ್ಯ ಸದಸ್ಯರು ಒಂದು ಮಾತನ್ನು ಸ್ಪಷ್ಟವಾಗಿ ತಿಳಿದಿರಬೇಕು. ಪೋಕ್ಸೋ ಕಾಯ್ದೆಯಂತೆ ಇಂತಹ ಅಪರಾಧವನ್ನು ತಿಳಿದ ಪ್ರತಿಯೊಬ್ಬನೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥನಾದರೆ ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟದ್ದಕ್ಕೆ ಒಂದು ವರ್ಷದವರೆಗೆ ಶಿಕ್ಷೆಯುಂಟು. ಸದ್ಭಾವನೆಯಿಂದ ತಿಳಿಸಿದವನಿಗೆ ಕಾಯ್ದೆಯ ರಕ್ಷಣೆಯುಂಟು. ರಾಜಿ ಮಾಡಿಸುವ ಅಧಿಕಾರ ಪಂಚರಿಗಿಲ್ಲ, ಬಸದಿಯ ಕಮಿಟಿಗೂ ಇಲ್ಲ. ಹಾಗೆಯೇ ಅನಾಥ, ನಿರ್ಗತಿಕ ಮಕ್ಕಳನ್ನು ಇಟ್ಟುಕೊಳ್ಳುವ ಯಾವುದೇ ಆಶ್ರಮವಾಗಲಿ 2015ರ ಕಾಯ್ದೆಯಂತೆ ನೋಂದಣಿಯಾಗಿರಬೇಕು. ಧರ್ಮಸಂಸ್ಥೆಯೆಂಬ ಕಾರಣಕ್ಕೆ ವಿನಾಯಿತಿಯಿಲ್ಲ, ಇರಬಾರದು ಕೂಡ.

ನನ್ನ ವಿನಂತಿ ಬಹು ಸಣ್ಣದು. ಪ್ರತಿ ಬಸದಿಯ ಟ್ರಸ್ಟು ಇಬ್ಬರನ್ನು, ಅವರಲ್ಲಿ ಒಬ್ಬರು ಶ್ರಾವಿಕೆಯಾಗಿರುವಂತೆ, ಮಕ್ಕಳ ವಿಷಯಕ್ಕಾಗಿ ನೇಮಿಸಲಿ. ಅವರು ಪಂಚಾಯತಿಯ ಮಕ್ಕಳ ಗ್ರಾಮಸಭೆಗೆ ಹೋಗಲಿ. ಶಾಲೆಗೆ ಬಾರದ ಮಕ್ಕಳ ಹೆಸರನ್ನು ಗುರುಗಳಿಂದ ಕೇಳಲಿ. ಅಂಗನವಾಡಿ, ಆಶಾ ಕಾರ್ಯಕರ್ತೆಯರ ಪರಿಚಯ ಇಟ್ಟುಕೊಳ್ಳಲಿ. ಸಂಶಯ ಬಂದಾಗ ತಾವೇ ತನಿಖೆ ಮಾಡದೆ, ಮಗುವಿನ ಹೆಸರನ್ನು ಬಯಲು ಮಾಡದೆ 1098ಕ್ಕೆ ತಿಳಿಸಲಿ. ಜಿಲ್ಲೆಗೆ ಹೋಗಿಬರುವ ಬಸ್ಸಿನ ಖರ್ಚು, ಒಂದು ದಿನದ ಕೂಲಿಯ ನಷ್ಟ, ಮಗುವಿನ ಚಿಕಿತ್ಸೆ ಇವುಗಳಿಗೆ ಜೀವದಯಾ ನಿಧಿಯಿಂದ ಒಂದು ಪಾಲನ್ನು ಇಡಲಿ. ಬಡ ತಾಯಿಯೊಬ್ಬಳು ದೂರನ್ನು ಅರ್ಧಕ್ಕೆ ಬಿಡಲು ಈ ಸಣ್ಣ ಖರ್ಚೂ ಸಾಕಾಗುತ್ತದೆ. ಜಾತಿಮತಗಳನ್ನು ನೋಡಬೇಕಾಗಿಲ್ಲ. ಪಾರಿವಾಳಕ್ಕೆ ಕಾಳು ಹಾಕುವಾಗ ನಾವು ಅದರ ಕುಲವನ್ನು ಕೇಳಿದವರಲ್ಲ.

ದೀಪಾವಳಿಯ ಪಾಡ್ಯದಂದು ಹೊಸ ಪುಸ್ತಕ ಪೂಜೆಯಾದ ಮೇಲೆ ಜೀವದಯಾ ಖಾತೆಯ ಪಕ್ಕದಲ್ಲಿ ಮಕ್ಕಳಿಗೆಂದು ಒಂದು ಪುಟವನ್ನು ತೆರೆದಿದ್ದೇನೆ. 1967ರ ಆ ಬಾಕಿ ಎಷ್ಟೆಂಬುದನ್ನು ರೂಪಾಯಿಯಲ್ಲಿ ಲೆಕ್ಕ ಹಾಕಲು ನನಗೆ ಬರುವುದಿಲ್ಲ. ಅದು ನೇಕಾರರು ನಮಗೆ ಕೊಡಬೇಕಾದ ಬಾಕಿಯಲ್ಲ, ನಾವು ಆ ಹುಡುಗನಿಗೆ ಕೊಡಬೇಕಾದುದು ಎಂಬುದು ಮಾತ್ರ ಗೊತ್ತಿದೆ. ಅವನು ಎಲ್ಲಿದ್ದಾನೋ ತಿಳಿಯದು. ಇಂದು ಗುಡೂರಿನಲ್ಲಿರುವ ಮಕ್ಕಳು ಎಲ್ಲಿದ್ದಾರೆಂಬುದು ನಮಗೆ ತಿಳಿದಿದೆ. ಆ ಬಾಕಿಯನ್ನು ಇವರಿಗೆ ಸಲ್ಲಿಸುವುದೇ ಉಳಿದಿರುವ ದಾರಿ.