ನಾಶವಾಗಲೆಂದೇ ಅಚ್ಚಾದ ಚೀಟಿಗಳು

ಅಂಚೆಯ ಚೀಟಿಗಳನ್ನು ಸಂಗ್ರಹಿಸುವ ರಸಿಕರು ಲೋಕದಲ್ಲಿ ಅಸಂಖ್ಯಾತರು. ತೆರಿಗೆಯ ಚೀಟಿಗಳನ್ನು ಸಂಗ್ರಹಿಸುವವರು ಅವರೊಳಗೊಂದು ಸಣ್ಣ ಪಂಗಡ. ಆ ಪಂಗಡದಲ್ಲಿಯೂ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಿಯರ್ ಪೀಪಾಯಿಗಳಿಗೆ ಅಂಟಿಸುತ್ತಿದ್ದ ಸುಂಕದ ಚೀಟಿಗಳ ಬೆನ್ನುಹತ್ತಿದವರು ತೀರ ವಿರಳ. ಇದಕ್ಕೆ ರುಚಿಭೇದವೊಂದೇ ಕಾರಣವಲ್ಲ. ಎಲ್ಲರೂ ಕಾನೂನಿನ ಅಕ್ಷರಕ್ಕೆ ಬದ್ಧರಾಗಿ ನಡೆದುಕೊಂಡಿದ್ದರೆ, ಒಮ್ಮೆ ಬಳಕೆಯಾದ ಚೀಟಿ ಇಡಿಯಾಗಿ ಯಾರ ಕೈಗೂ ಸಿಕ್ಕುವಂತೆಯೇ ಇರಲಿಲ್ಲ.

ಅಂತರ್ಯುದ್ಧದ ವೆಚ್ಚದಿಂದ ಬೊಕ್ಕಸ ಬರಿದಾಗುತ್ತಿದ್ದ ಕಾಲದಲ್ಲಿ, 1862ರ ಜುಲೈ 1ರಂದು ಅಧ್ಯಕ್ಷ ಲಿಂಕನ್ ಅಂಕಿತ ಹಾಕಿದ ಕಂದಾಯ ಶಾಸನವು, 31 ಗ್ಯಾಲನ್ನಿನ ಒಂದು ಪೀಪಾಯಿ ಬಿಯರಿಗೆ 1 ಡಾಲರ್ ಸುಂಕವನ್ನು ವಿಧಿಸಿತು. ಬಹುಮಟ್ಟಿಗೆ ಜರ್ಮನ್ ಮೂಲದವರಾಗಿದ್ದ ಬಿಯರ್ ತಯಾರಕರು ಅದೇ ವರ್ಷ ನ್ಯೂಯಾರ್ಕಿನಲ್ಲಿ ಕೂಡಿ ತಮ್ಮದೊಂದು ಸಂಘವನ್ನು ಕಟ್ಟಿಕೊಂಡರು. ಆರಂಭದ ವರ್ಷಗಳಲ್ಲಿ ಆ ಸಂಘದ ಕಲಾಪಗಳೂ ಜರ್ಮನ್ ಭಾಷೆಯಲ್ಲಿಯೇ ನಡೆದುವು. ತಯಾರಕನು ತಾನೇ ಲೆಕ್ಕವಿಟ್ಟು, ಪ್ರಮಾಣಪೂರ್ವಕವಾಗಿ ತಿಂಗಳ ಲೆಕ್ಕವನ್ನೊಪ್ಪಿಸಿ, ಅದರಂತೆ ಸುಂಕವನ್ನು ಸಲ್ಲಿಸಬೇಕೆಂಬುದು ಮೊದಲಿನ ಏರ್ಪಾಡು. ಪ್ರಮಾಣವನ್ನೇ ನೆಚ್ಚಿಕೊಂಡು ಅಬಕಾರಿ ನಡೆಸಿದ ಸರ್ಕಾರಕ್ಕೆ ಆಗುವ ಗತಿಯೇ ಇಲ್ಲಿಯೂ ಆಯಿತು. ಆದಕಾರಣ 1866ರಲ್ಲಿ, ಸುಂಕ ಸಂದುದಕ್ಕೆ ಗುರುತಾಗಿ ಪ್ರತಿಯೊಂದು ಪೀಪಾಯಿಯ ಮೇಲೂ ಸರ್ಕಾರದ ಚೀಟಿಯಿರತಕ್ಕದ್ದೆಂಬ ನಿಯಮವು ಜಾರಿಗೆ ಬಂದಿತು.

ಆ ಮೊದಲ ಚೀಟಿಗಳ ಬೆಲೆಗಳೇ ಒಂದು ಕೌತುಕ. ಎರಡು ಪೀಪಾಯಿ ಅಳತೆಯ ಹಾಗ್ಸ್‌ಹೆಡ್ಡಿಗೆ 2 ಡಾಲರ್, ಪೂರ್ಣ ಪೀಪಾಯಿಗೆ 1 ಡಾಲರ್, ಅರೆ ಪೀಪಾಯಿಗೆ 50 ಸೆಂಟು, ಕಾಲಿಗೆ 25 ಎಂಬಲ್ಲಿಯವರೆಗೆ ಲೆಕ್ಕ ಸಲೀಸು. ಆದರೆ ಮೂರನೆಯ ಒಂದಕ್ಕೆ 33⅓, ಆರನೆಯ ಒಂದಕ್ಕೆ 16⅔, ಎಂಟನೆಯ ಒಂದಕ್ಕೆ 12½ ಎಂದು, ಯಾವ ಟಂಕಸಾಲೆಯೂ ನಾಣ್ಯವಾಗಿ ಹೊಯ್ಯದ ಮೊತ್ತಗಳನ್ನು ಸರ್ಕಾರ ನಿಸ್ಸಂಕೋಚವಾಗಿ ಅಚ್ಚುಹಾಕಿಸಿತು. ಕಂದಾಯದ ಕಲೆಕ್ಟರು ತನ್ನ ಜಿಲ್ಲೆಯ ತಯಾರಕರಿಗೆ ಮಾತ್ರವೇ ಇವನ್ನು ಮಾರುತ್ತಿದ್ದನು. ಕೊಂಡವರಿಗೆ ನೂರಕ್ಕೆ 7½ರಂತೆ ಸೋಡಿಯೂ ಉಂಟು.

ಚೀಟಿಯ ಮರಣವಿಧಾನವನ್ನು ಶಾಸನವು ಒಬ್ಬ ಶ್ರೌತಿಯ ಶ್ರದ್ಧೆಯಿಂದ ವಿವರಿಸುತ್ತದೆ. ಪೀಪಾಯಿಗೆ ರಂಧ್ರಗಳು ಎರಡೇ ಇರತಕ್ಕದ್ದು, ತಲೆಯಲ್ಲೊಂದು, ಪಕ್ಕದಲ್ಲೊಂದು. ತಲೆಯ ರಂಧ್ರದ ಮೇಲೆ ಚೀಟಿಯನ್ನಂಟಿಸಿ, ತಯಾರಕನು ತನ್ನ ಹೆಸರನ್ನೋ ಹೆಸರಿನ ಮೊದಲಕ್ಷರಗಳನ್ನೋ ದಿನಾಂಕದೊಡನೆ ಅದರ ಮೇಲೆ ಬರೆದು ಅಥವಾ ಅಚ್ಚೊತ್ತಿ ರದ್ದುಪಡಿಸಬೇಕು. ಪಾನಗೃಹದಲ್ಲಿ ಪೀಪಾಯಿಯನ್ನು ತೆರೆಯುವವನು ಚೀಟಿಯ ನಡುವಿನಿಂದಲೇ ನಲ್ಲಿಯನ್ನು ಬಡಿದು ಹೊಗಿಸಬೇಕು. ಪಕ್ಕದ ರಂಧ್ರದಿಂದ ಬಿಯರು ತೆಗೆದರೂ, ಅಷ್ಟೇ ಗಾತ್ರದ ಗಾಳಿನಲ್ಲಿಯನ್ನು ಚೀಟಿಯಿದ್ದೆಡೆ ತೂರಿಸಿ ಅದನ್ನು ಹರಿಯಲೇಬೇಕು. ಹಳೆಯ ಚೀಟಿಯನ್ನು ನೆನೆಸಿ ಬಿಡಿಸಿ ಇನ್ನೊಂದು ಪೀಪಾಯಿಗೆ ಅಂಟಿಸುವ ಜಾಣತನಕ್ಕೆ ಹೂಡಿದ ತಡೆ ಇದು. ಇದರ ಫಲವಾಗಿ, ಅಂಚೆಯ ಚೀಟಿಯಲ್ಲಿ ಸೂಜಿಯ ಮೊನೆಯಷ್ಟು ತೂತನ್ನೂ ಸಹಿಸದ ಸಂಗ್ರಾಹಕನು, ಇಲ್ಲಿ ನಡುವೆ ನಲ್ಲಿಯಗಲದ ಗಾಯವುಳ್ಳ ಚೂರನ್ನು ಗೌರವದಿಂದ ಕಾಣಬೇಕಾಗುತ್ತದೆ. ಹೆಸರೂ ದಿನಾಂಕವೂ ಬಿದ್ದಿದ್ದು ಮೈಮಾತ್ರ ಅಕ್ಷತವಾಗಿರುವ ಚೀಟಿಯೊಂದು ದೊರೆತರೆ ಅದರ ಹಿಂದೆ ಯಾರದೋ ಅಜಾಗ್ರತೆಯಾಗಲಿ, ಕಳ್ಳತನವಾಗಲಿ ಇದ್ದಿರಬಹುದೆಂಬ ಶಂಕೆ ಏಳುವುದು ಸಹಜ. ಸಾಧು ಪಾನಗೃಹಸ್ಥನಿಂದ ನಮ್ಮ ಹವ್ಯಾಸಕ್ಕೆ ಸಂದ ಉಪಕಾರ ಅಷ್ಟಕ್ಕಷ್ಟೇ.

ಬಾಟಲಿಯ ಬಿಯರು ಬಳಕೆಗೆ ಬಂದಾಗ ಈ ನಿಯಮವು ವಿಚಿತ್ರವಾದ ಕ್ಲೇಶಕ್ಕೆ ಕಾರಣವಾಯಿತು. ಚೀಟಿಯನ್ನಂಟಿಸಲು ಪೀಪಾಯಿಯೇ ಬೇಕಷ್ಟೆ! ಆದುದರಿಂದ ಬಿಯರನ್ನು ಮೊದಲು ಪೀಪಾಯಿಗೆ ತುಂಬಿ, ಚೀಟಿ ಹಚ್ಚಿ, ಬೀದಿಯಾಚೆಯ ಪ್ರತ್ಯೇಕ ಕಟ್ಟಡಕ್ಕೆ ಸಾಗಿಸಿ, ಅಲ್ಲಿ ಚೀಟಿಯನ್ನು ಹರಿದು ಬಾಟಲಿಗೆ ಬಸಿಯುವ ವ್ಯರ್ಥವ್ಯಾಯಾಮವು ಬಹುಕಾಲ ನಡೆಯಿತು. ಮಿಲ್ವಾಕಿಯ ಫ್ರೆಡರಿಕ್ ಪ್ಯಾಬ್ಸ್ಟ್ ಮೊದಲಾದವರ ಒತ್ತಾಯದಿಂದ 1890ರಲ್ಲಿ ಶಾಸನವು ತಿದ್ದುಪಡಿಯಾಗಿ, ಕೊಳವೆಯ ಮೂಲಕ ನೇರವಾಗಿ ಬಿಯರು ಹರಿಸಲು ಅನುಮತಿ ದೊರೆಯಿತು.

ಮುಂದಿನ ಚೀಟಿಗಳಲ್ಲಿ ಯುದ್ಧಗಳ ಚರಿತ್ರೆಯನ್ನೇ ಓದಿಕೊಳ್ಳಬಹುದು. ಸ್ಪೇನಿನೊಡನೆ ಕಾಳಗವಾದ 1898ರಲ್ಲಿ ಸುಂಕವು 2 ಡಾಲರಿಗೇರಿ, 1902ರಲ್ಲಿ ಮತ್ತೆ 1ಕ್ಕಿಳಿಯಿತು. ಯೂರೋಪಿನ ಮಹಾಯುದ್ಧದ ನೆಪದಲ್ಲಿ 1914ರಲ್ಲಿ 1½, 1917ರಲ್ಲಿ 3, 1919ರಲ್ಲಿ 6 ಎಂದು ಬೆಳೆಯಿತು. ದರ ತಟ್ಟನೆ ಬದಲಾದಾಗ ಹಳೆಯ ದಾಸ್ತಾನಿನ ಮೇಲೆಯೇ ಹೊಸ ಮುದ್ರೆಯೊತ್ತಿ ಮಾರಿದ ಚೀಟಿಗಳಿಗೆ ಸಂಗ್ರಾಹಕರಲ್ಲಿ ವಿಶೇಷ ಮನ್ನಣೆ. 1920ರ ಜನವರಿಯಲ್ಲಿ ಪಾನನಿರೋಧವೇ ಬಂದು ಹದಿಮೂರು ವರ್ಷ ರೂಢಿಯ ಬಿಯರಿನೊಡನೆ ಅದರ ಸುಂಕವೂ ಅಡಗಿತು. ಅಷ್ಟರೊಳಗೆ ಆದಾಯ ತೆರಿಗೆಯು ಬೇರೂರಿದ್ದುದರಿಂದಲೇ, ಹಿಂದೆ ತನ್ನ ವರಮಾನದ ಸುಮಾರು ಮೂರನೆಯ ಒಂದು ಪಾಲನ್ನು ಮದ್ಯದಿಂದ ಪಡೆಯುತ್ತಿದ್ದ ಸರ್ಕಾರಕ್ಕೆ ಇಷ್ಟು ಧೈರ್ಯ ಬಂದಿತೆಂದು ನನ್ನ ಅಭಿಪ್ರಾಯ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಆ ಧೈರ್ಯ ಕುಗ್ಗಿತು. 1933ರ ಏಪ್ರಿಲ್ 7ರಂದು, ಪೀಪಾಯಿಗೆ 5 ಡಾಲರ್ ಸುಂಕವನ್ನು ಹೊತ್ತು, ಬಿಯರು ಮರಳಿ ಬಂದಿತು.

ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಸುಂಕವು 8 ಡಾಲರಿಗೇರಿತು. ಪೀಪಾಯಿಗಳ ಸ್ಥಾನವನ್ನು ಬಾಟಲಿಗಳೂ ಡಬ್ಬಿಗಳೂ ಆಕ್ರಮಿಸಿಕೊಂಡ ಮೇಲೆ ಚೀಟಿಗೆ ಅಂಟಿಕೊಳ್ಳುವ ನೆಲೆಯೇ ಇಲ್ಲದಾಗಿ, 1951ರಲ್ಲಿ ಪದ್ಧತಿಯು ರದ್ದಾಯಿತು. ಅಲ್ಲಿಂದಾಚೆಗೆ, 1866ರಲ್ಲಿ ನಂಬಲು ಸಾಧ್ಯವಾಗದೆಹೋದ ತಯಾರಕರ ಲೆಕ್ಕಪತ್ರಗಳನ್ನೇ ನಂಬಿ ಸರ್ಕಾರವು ಸುಂಕವನ್ನು ವಸೂಲು ಮಾಡತೊಡಗಿತು.